ಕರೆಯದೆ ಬರುವ ಬಟ್ಲರ್

ಜೂನ್ 3, 1968, ಸೋಮವಾರ

ಬಣ್ಣದ ಕೋಣೆಯ ಬಾಗಿಲ ಮೇಲೆ ಎರಡು ಹೆಸರು ಅಂಟಿಸಿದ್ದರು. ಮೇಲಿನದು ಲಯನೆಲ್ ಟ್ರೆಹರ್ನ್. ಕೆಳಗಿನದು ಎನೋಕ್ ಬ್ರಿಗ್, ಅಂದರೆ ನಾನು. ಓದಿದ ಕೂಡಲೇ ಪೆಟ್ಟಿಗೆ ಕೈಜಾರಿ ಕಾಲಿನ ಮೇಲೆ ಬಿತ್ತು. ಇಡೀ ಇಂಗ್ಲೆಂಡಿನಲ್ಲಿ ನಾನು ಕನ್ನಡಿ ಹಂಚಿಕೊಳ್ಳಲಾರದ ಮನುಷ್ಯ ಒಬ್ಬನಿದ್ದರೆ ಅವನು ಇವನೇ.

ನಮ್ಮಕ್ಕನ ಮಗಳು ವಿನಿ ಈ ನಾಟಕಶಾಲೆಯಲ್ಲೇ ಕೆಲಸಕ್ಕಿದ್ದಾಳೆ. ರಂಗದ ಮಗ್ಗುಲಲ್ಲಿ ಪುಸ್ತಕ ಹಿಡಿದು ಕೂತು, ನಟರು ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುವವಳು ಅವಳು. ಅವಳ ಹತ್ತಿರ ಹೋಗಿ ಜಗಳ ತೆಗೆದೆ.

"ಬೇರೆ ಕೋಣೆ ಇಲ್ವೇನೇ?"

"ಇದೆ ಮಾವ. ಹೆಂಗಸರದು."

"ಅಲ್ಲೇ ಹಾಕು. ನಂಗೇನೂ ತೊಂದರೆ ಇಲ್ಲ."

"ಅವರಿಗಿದೆ. ಸುಮ್ನೆ ಹೋಗು ಮಾವ. ಅವ್ರು ಸಾಹೇಬ್ರು, ನೀನು ಬಟ್ಲರ್. ನಾಟಕದಲ್ಲೂ ಅಷ್ಟೇ, ಕೋಣೇಲೂ ಅಷ್ಟೇ."

ಈ ದಿನಚರಿಯನ್ನು ನನ್ನ ಹೊರತು ಯಾರೂ ಓದುವುದಿಲ್ಲ. ಆದ್ದರಿಂದ ಸಂಕೋಚವಿಲ್ಲದೆ ನಿಜ ಬರೆಯುತ್ತೇನೆ. ನನ್ನಷ್ಟು ದೊಡ್ಡ ನಟ ಲ್ಯಾಂಕಾಷೈರ್ ಸೀಮೆಯಲ್ಲಿ ಹುಟ್ಟಿಲ್ಲ. ನಮ್ಮೂರ ಶಾಲೆಯಲ್ಲಿ ನಾನು ಕಲಿತದ್ದು ಮಗ್ಗಿ, ಪ್ರಾರ್ಥನೆ ಮತ್ತು ಮೇಷ್ಟ್ರ ಕುಂಟು ನಡಿಗೆಯ ಅಣಕ. ಮೊದಲೆರಡು ಮರೆತುಹೋಗಿವೆ, ಮೂರನೆಯದು ಇವತ್ತಿನವರೆಗೆ ಅನ್ನ ಹಾಕಿದೆ. ಹದಿಮೂರಕ್ಕೆ ಹತ್ತಿ ಗಿರಣಿ ಸೇರಿ, ಹದಿನಾಲ್ಕಕ್ಕೆ ಅಲ್ಲಿಂದ ಓಡಿ, ತಿರುಗಾಟದ ಕಂಪನಿಯೊಂದರ ಗಾಡಿ ಹತ್ತಿದೆ. ಅಲ್ಲಿಂದಾಚೆ ರಂಗದ ಮೇಲೆ, ಸಿನಿಮಾದಲ್ಲಿ, ಪೊಲೀಸಪ್ಪ, ಪಾದ್ರಿ, ಗೋರಿ ತೋಡುವವನು, ರೈಲಿನಲ್ಲಿ ಟಿಕೆಟ್ ಕೇಳುವವನು, ಹೆಣ. ನಾನು ಸತ್ತಷ್ಟು ಚೆನ್ನಾಗಿ ಕೆಲವರು ಬದುಕಿಯೂ ಇಲ್ಲ. ನಲವತ್ತೇಳು ವರ್ಷದಲ್ಲಿ ಒಂದೇ ಒಂದು ಮಾತು ಮರೆತಿಲ್ಲ. ನನ್ನ ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೂ ಗೊತ್ತಿಲ್ಲ. ಬೀದಿಯಲ್ಲಿ ಹಿಡಿದು ನಿಲ್ಲಿಸಿ "ನೀವು ಟ್ರೆಹರ್ನ್ ಅಲ್ವಾ?" ಅನ್ನುತ್ತಾರೆ. ಅದಕ್ಕಿಂತ ಮುಖಕ್ಕೆ ಉಗಿದರೆ ವಾಸಿ.

ಒಂದೇ ಸಮಾಧಾನವೆಂದರೆ ನಾನು ಅವನ ಬದಲಿ ನಟ. ಅವನು ಹಾಸಿಗೆ ಹಿಡಿದರೆ ಮುಖ್ಯ ಪಾತ್ರ ನನ್ನದು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅದು ನನ್ನ ಪಾಲಿಗೆ ಬಂದಿಲ್ಲ. ಅವನಿಗೆ ನಾನು ಕೆಟ್ಟದ್ದು ಬಯಸುವವನಲ್ಲ. ಒಂದು ಸಣ್ಣ ನೆಗಡಿ ಸಾಕು.

ಜೂನ್ 8, ಶನಿವಾರ

ತಾಲೀಮು. ಟ್ರೆಹರ್ನ್ ಜಮೀನುದಾರ ಸರ್ ಜಾಸ್ಪರ್, ಹಿಮ ಬೀಳುವ ರಾತ್ರಿ ಮಗನನ್ನು ಮನೆಯಿಂದ ಹೊರಗೆ ಹಾಕಿ ಮೂವತ್ತು ವರ್ಷ ಬಾಯಿ ಬಿಡದೆ ಕೂತ ಮುದುಕ. ಮೂರನೆಯ ಅಂಕದಲ್ಲಿ ಬೆಂಕಿಗೂಡಿನ ಮುಂದೆ ನಿಂತು ಅದನ್ನೆಲ್ಲ ಹೇಳಿಕೊಳ್ಳುತ್ತಾನೆ. ಅದೇ ನಾಟಕದ ಜೀವ. ನಾನು ಅವನ ಬಟ್ಲರ್ ಹಾಬ್ಸ್. ನನಗಿರುವುದು ಬೆರಳೆಣಿಕೆಯ ಮಾತು. "ಚಹಾ ತಂದಿದ್ದೇನೆ, ಸರ್" ಎಂಬುದೇ ಅವುಗಳಲ್ಲೆಲ್ಲ ರಸವತ್ತಾದದ್ದು.

ಇವತ್ತು ಬಡಗಿಯೊಬ್ಬ ಸೀನಿನ ಹಿಂದೆ ಮೊಳೆ ಹೊಡೆಯುತ್ತ ಸಿಳ್ಳೆ ಹಾಕಿದ. ನಾಟಕಶಾಲೆಯೊಳಗೆ ಸಿಳ್ಳೆ ಹಾಕಿದರೆ ಯಾರದೋ ತಲೆ ಮೇಲೆ ತೊಲೆ ಬೀಳುತ್ತದೆಂದು ನಮ್ಮಲ್ಲಿ ಎಲ್ಲರೂ ನಂಬಿದವರೇ. ಟ್ರೆಹರ್ನ್‌ಗೆ ಅದು ಬೈಬಲ್‌ಗಿಂತ ಒಂದು ಗುಂಜಿ ಹೆಚ್ಚು.

"ಆಚೆ ನಡಿ," ಅಂದ. "ಮೂರು ಸುತ್ತು ತಿರುಗು. ಒಂದು ಬೈಗುಳ ಬೈ. ಬಾಗಿಲು ತಟ್ಟಿ, ಒಳಗೆ ಬರ್ಲಾ ಅಂತ ಕೇಳು."

ಬಡಗಿ ಹಾಗೇ ಮಾಡಿದ. ಬೈಗುಳ ಮಾತ್ರ ಟ್ರೆಹರ್ನ್‌ನ ಕಡೆ ನೋಡಿಕೊಂಡೇ ಬೈದ.

ನನಗೆ ಬ್ರಾಡ್‌ಫರ್ಡ್ ಊರಿನ ಕ್ಯಾಂಪು ನೆನಪಾಯಿತು. ಮೂವತ್ತನಾಲ್ಕನೇ ಇಸವಿ. ಇದೇ ಶಿಕ್ಷೆಯನ್ನು ಇಡೀ ಕಂಪನಿಯ ಎದುರು ನನಗೆ ಮಾಡಿಸಿದ್ದ. ಮೂರು ಸುತ್ತು ಸುತ್ತುವಷ್ಟರಲ್ಲಿ ಹುಡುಗಿಯರೆಲ್ಲ ನಕ್ಕು ನಕ್ಕು ಒರಗಿಬಿಟ್ಟಿದ್ದರು. ನಾನು ಮರೆತಿಲ್ಲ. ಒಂದು ದಿನ ಅವನೂ ಸಿಳ್ಳೆ ಹಾಕಲಿ, ನೋಡಿಕೊಳ್ಳುತ್ತೇನೆ.

ಜೂನ್ 18, ಮಂಗಳವಾರ

ನಿನ್ನೆ ಮೊದಲ ಪ್ರಯೋಗ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಟ್ರೆಹರ್ನ್‌ಗೆ ನೆಗಡಿ ಇಲ್ಲ.

ಜುಲೈ 2, ಮಂಗಳವಾರ

ಇವತ್ತು ಅವನು ಸಿಳ್ಳೆ ಹಾಕಿದ.

ಹುಬ್ಬಿಗೆ ಬಣ್ಣ ಎಳೆದುಕೊಳ್ಳುತ್ತ, ತುಟಿ ಮುಂದೆ ಮಾಡಿ, ಯಾವುದೋ ಹಳೆಯ ಹಾಡು. ನಾನು ಕಿವಿ ನಂಬಲಿಲ್ಲ. ಪಾದ್ರಿಯೊಬ್ಬ ಪ್ರಾರ್ಥನೆಯ ನಡುವೆ ಎದ್ದು ಪೀಠದ ಮೇಲೆ ಕುಣಿದರೂ ನಾನು ಇಷ್ಟು ಬೆಚ್ಚುತ್ತಿರಲಿಲ್ಲ. ಆಮೇಲೆ ಹೊಟ್ಟೆಯೊಳಗೆ ಸಕ್ಕರೆ ಸುರಿದ ಹಾಗಾಯಿತು. ಮೂವತ್ತನಾಲ್ಕು ವರ್ಷ ಕಾದದ್ದಕ್ಕೆ ಬಡ್ಡಿ ಸಮೇತ ಬಂತು.

"ಸಾಹೇಬ್ರೇ," ಅಂದೆ, "ಆಚೆ ನಡೀರಿ."

"ಯಾಕೆ?"

"ಸಿಳ್ಳೆ ಹಾಕಿದ್ರಿ. ಮೂರು ಸುತ್ತು, ಒಂದು ಬೈಗುಳ, ಆಮೇಲೆ ಬಾಗಿಲು ತಟ್ಟಿ. ಮರ್ಯಾದೆಯಾಗಿ ಕೇಳಿದ್ರೆ ಒಳಗೆ ಬಿಡೋ ವಿಚಾರ ಮಾಡ್ತೀನಿ."

ಎದ್ದು ಹೋದ. ನಾನು ಕುರ್ಚಿ ತಿರುಗಿಸಿಕೊಂಡು, ಕಾಲು ಮೇಲೆ ಕಾಲು ಹಾಕಿಕೊಂಡು, ಏನು ಚುಚ್ಚಬೇಕೆಂದು ತಯಾರಾಗಿ ಕೂತೆ. ಬಾಗಿಲು ತಟ್ಟಲಿಲ್ಲ. ಹಮ್ಮಿನ ಮನುಷ್ಯ, ಕೇಳಿಕೊಳ್ಳಲು ನಾಚಿಕೆ ಅಂದುಕೊಂಡೆ. ಕೂತೆ, ಕೂತೆ. ಪೈಪಿಗೆ ಹೊಗೆಸೊಪ್ಪು ತುಂಬಿ ಅರ್ಧ ಎಳೆದದ್ದೂ ಆಯಿತು. ಕೊನೆಗೆ ನಾನೇ ಬಾಗಿಲು ತೆರೆದೆ.

ಓಣಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಒಂದು ಹುಬ್ಬಿಗೆ ಬಣ್ಣ ಇತ್ತು, ಇನ್ನೊಂದಕ್ಕೆ ಇರಲಿಲ್ಲ.

"ಏನ್ ಸಾಹೇಬ್ರೇ, ಇಲ್ಲೇ ನಿಂತಿದ್ದೀರಿ?"

"ಕಾಯ್ತಾ ಇದ್ದೀನಿ."

"ಯಾರಿಗೆ?"

ನನ್ನ ಮುಖ ನೋಡಿದ. "ನೀನು ಹೇಳ್ತೀಯ ಅಂದ್ಕೊಂಡಿದ್ದೆ," ಅಂದ.

ತೋಳು ಹಿಡಿದು ಒಳಗೆ ಕರೆತಂದು ಕನ್ನಡಿಯ ಮುಂದೆ ಕೂರಿಸಿದೆ.

ಜುಲೈ 3, ಬುಧವಾರ

ತಮಾಷೆ ಮಾಡಿರಬೇಕು. ದೊಡ್ಡ ನಟನಲ್ಲವೇ, ನನ್ನನ್ನು ಹೆದರಿಸಿ ನೋಡಿದ. ಇವತ್ತಿನ ಆಟದಲ್ಲಿ ಒಂದಕ್ಷರ ತಪ್ಪಲಿಲ್ಲ. ತಮಾಷೆಯೇ.

ಜುಲೈ 10, ಬುಧವಾರ

ತಮಾಷೆ ಅಲ್ಲ.

ನಿನ್ನೆ ಮೂರನೆಯ ಅಂಕ. ಟ್ರೆಹರ್ನ್ ಬೆಂಕಿಗೂಡಿನ ಮುಂದೆ ನಿಂತಿದ್ದ. "ಆ ರಾತ್ರಿ ಹಿಮ ಬೀಳುತ್ತಿತ್ತು. ಅವನು ಹೊಸಿಲು ದಾಟುವಾಗ ನಾನು ಕಂಡದ್ದು..." ಅಂದ. ನಿಂತ. ಮುಂದಿನ ಮಾತು, "ಅವನ ಒಂದು ಕೈಗೆ ಮಾತ್ರ ಗವಸು ಇತ್ತು" ಎಂದು. ವಿನಿ ಮಗ್ಗುಲಿನಿಂದ ಮೆಲ್ಲಗೆ ಎತ್ತಿಕೊಟ್ಟಳು. ಮತ್ತೆ ಕೊಟ್ಟಳು, ಈ ಸಲ ಮುಂದಿನ ಸಾಲಿನವರಿಗೂ ಕೇಳುವಷ್ಟು ಜೋರಾಗಿ. ಅವನು ಆ ಕಡೆ ತಲೆ ತಿರುಗಿಸಿದ, ಪಕ್ಕದ ಮನೆಯಲ್ಲಿ ಯಾರನ್ನೋ ಯಾರೋ ಕೂಗಿದರೆ ನಾವು ತಿರುಗುವ ಹಾಗೆ. ತನಗೆ ಸಂಬಂಧವಿಲ್ಲವೆಂಬಂತೆ ಮತ್ತೆ ಬೆಂಕಿ ನೋಡಿದ.

ಸೀನಿನ ಬಾಗಿಲ ಹಿಂದೆ ನಾನು ನಿಂತಿದ್ದೆ. ಬದಲಿ ನಟನಾದ್ದರಿಂದ ಅವನ ಪಾತ್ರದ ಪ್ರತಿ ಅಕ್ಷರವೂ ನನಗೆ ಬಾಯಿಪಾಠ. ಸುಮ್ಮನಿದ್ದರೆ ಸಾಕಿತ್ತು. ಪರದೆ ಇಳಿಸುತ್ತಾರೆ, ನಾಳೆಯಿಂದ ಅವನ ಅಂಗಿ ನನ್ನ ಮೈಮೇಲೆ. ಕೈಗೆ ಬಂದ ತುತ್ತು ಬಾಯಿಗೆ ಬರುವುದಕ್ಕೆ ಇನ್ನೇನು ಬೇಕು? ಹೀಗೆ ಯೋಚಿಸುತ್ತಿರುವಾಗಲೇ ನನ್ನ ಕಾಲುಗಳು ನನ್ನನ್ನು ಕೇಳದೆ ಹೊರಟುಬಿಟ್ಟಿದ್ದವು.

ಕರೆಯದೆ ರಂಗಕ್ಕೆ ಹೋದೆ. ಕೈಗಳಿಗೆ ಬಟ್ಲರನ ಬಿಳಿ ಗವಸು ತೊಟ್ಟಿದ್ದೆ. ಒಂದನ್ನು ಕಳಚಿ ಅವನ ಮುಂದೆ ಹಿಡಿದೆ.

"ಕ್ಷಮಿಸಿ, ಸರ್. ಚಿಕ್ಕ ಧಣಿಗಳ ಗವಸು. ಒಂದೇ ಸಿಕ್ಕಿತು."

ಅವನು ಅದನ್ನು ಕೈಗೆ ತೆಗೆದುಕೊಂಡ. ನೋಡಿದ. ಅಲ್ಲಿಂದ ಮುಂದೆ ಮಾತು ಹೊಳೆಯ ಹಾಗೆ ಹರಿಯಿತು. ಒಬ್ಬಳು ಹೆಂಗಸು ಬಿಕ್ಕಿದ್ದು ನನಗೇ ಕೇಳಿಸಿತು.

ಅದು ನನ್ನ ಗವಸಿಗೆ ಬಂದ ಅಳು. ಅವನ ಮಾತಿಗಲ್ಲ. ಇದನ್ನು ಇಲ್ಲಿ ದಾಖಲು ಮಾಡಿರುತ್ತೇನೆ.

ಜುಲೈ 19, ಶುಕ್ರವಾರ

ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಳ್ಳಬೇಕು. ಬಟ್ಲರ್ ಎಂಬ ಪಾತ್ರದ ಗುಟ್ಟು ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ರಾಜ ಬರಬೇಕಾದರೆ ಕಹಳೆ ಬೇಕು, ಪ್ರೇಮಿ ಬರಬೇಕಾದರೆ ಕಿಟಕಿ ಬೇಕು. ಬಟ್ಲರ್ ಯಾವಾಗ ಬೇಕಾದರೂ ಬರಬಹುದು. ಕಲ್ಲಿದ್ದಲು ಹಾಕಲು, ಚಹಾ ಇಡಲು, ಪತ್ರಿಕೆ ಕೊಡಲು, ಪರದೆ ಸರಿಸಲು. ಟ್ರೆಹರ್ನ್‌ನ ಕಣ್ಣು ಬೆಂಕಿಯ ಮೇಲೆ ನೆಟ್ಟಿತೆಂದರೆ ನಾನು ಹಾಜರು. "ಉಯಿಲಿನ ವಿಷಯ ಹೇಳಬೇಕೆಂದಿದ್ದಿರಿ, ಸರ್." "ವಕೀಲರ ಹೆಸರು ಕೇಳುತ್ತಿದ್ದಿರಿ, ಸರ್." ಎಲ್ಲವೂ ನನ್ನ ಸ್ವಂತ ಮಾತು. ನನ್ನ ಪಾತ್ರ ದಿನದಿಂದ ದಿನಕ್ಕೆ ಮಳೆಗಾಲದ ಸೋರೆ ಬಳ್ಳಿಯ ಹಾಗೆ ಬೆಳೆಯುತ್ತಿದೆ. ಇದಕ್ಕಾಗಿಯೇ ನಾನು ಹೀಗೆ ಮಾಡುತ್ತಿರುವುದು. ಬೇರೆ ಯಾವ ಕಾರಣವೂ ಇಲ್ಲ.

ಆಟ ಮುಗಿದ ಮೇಲೆ ವಿನಿ ಪುಸ್ತಕ ಮಡಚಿಕೊಂಡು ಬಂದಳು.

"ಮಾವ, ಅವ್ರಿಗೆ ಹುಷಾರಿಲ್ಲ ಅಲ್ವಾ?"

"ಯಾರಿಗೆ? ಕುದುರೆ ಹಾಗಿದ್ದಾನೆ."

"ನನ್ ಹತ್ರ ಸುಳ್ಳು ಹೇಳ್ಬೇಡ. ಪುಸ್ತಕ ನನ್ನ ಕೈಲಿರುತ್ತೆ. ಯಾರು ಏನು ಬಿಟ್ರು ಅಂತ ದಿನಾ ನಿರ್ದೇಶಕರಿಗೆ ಹೇಳೋಳು ನಾನು."

"ಹಾಗಾದ್ರೆ ಹೇಳು, ಬಟ್ಲರ್ ಅತಿ ಮಾಡ್ದ ಅಂತ."

"ದಿನಾ ಅದನ್ನೇ ಹೇಳ್ತಿದ್ದೀನಿ. ಅವ್ರು ನಿನ್ ಮೇಲೆ ಹಲ್ಲು ಕಡೀತಿದ್ದಾರೆ."

"ಕಡೀಲಿ. ಹಲ್ಲು ಅವರದು."

ಜುಲೈ 27, ಶನಿವಾರ

ನಾನಿರುವ ಬಾಡಿಗೆ ಮನೆಯ ಒಡತಿ ಮಿಸೆಸ್ ಟಾಪಿಂಗ್ ಬೆಳಗಿನ ತಿಂಡಿಗೆ ಹೊಗೆಯಲ್ಲಿ ಒಣಗಿಸಿದ ಮೀನಿನ ಜೊತೆಗೆ ಊರ ಪತ್ರಿಕೆಯನ್ನೂ ತಂದು ಗಟ್ಟಿಯಾಗಿ ಓದಿದಳು. "ಟ್ರೆಹರ್ನ್ ಅವರ ಮೌನಗಳು ಈ ಬೇಸಿಗೆಯ ಅದ್ಭುತ. ಆದರೆ ಬಟ್ಲರ್ ಪಾತ್ರಧಾರಿಯೊಬ್ಬರು ನೊಣದಂತೆ ಆ ಮೌನಗಳ ಮೇಲೆ ಬಂದು ಬಂದು ಕೂರುತ್ತಾರೆ."

ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿತು.

"ನಿಮ್ಮ ಹೆಸರು ಹಾಕಿಲ್ಲ, ಪುಣ್ಯ," ಅಂದಳು ಮಿಸೆಸ್ ಟಾಪಿಂಗ್.

ಅದೇ ನನಗೆ ಹೆಚ್ಚು ಉರಿದದ್ದು. ಮೌನಗಳಂತೆ, ಅದ್ಭುತವಂತೆ. ಅವನು ಮರೆತು ನಿಂತದ್ದೆಲ್ಲ ಅಭಿನಯ, ನಾನು ಬಾಯಿ ಬಿಟ್ಟದ್ದೆಲ್ಲ ನೊಣ. ಹೇಳಿಬಿಡೋಣವೆಂದು ನಾಟಕಶಾಲೆಗೆ ಸರಸರ ನಡೆದೆ. ಟ್ರೆಹರ್ನ್ ಆಗಲೇ ಬಂದು ಕೋಣೆಯಲ್ಲಿ ಕೂತಿದ್ದ. ಅದೇ ಪತ್ರಿಕೆ ಅವನ ಕೈಯಲ್ಲಿತ್ತು.

"ಬ್ರಿಗ್, ನಿನ್ನನ್ನ ನೊಣ ಅಂದಿದ್ದಾರೆ."

"ಓದಿದೆ."

"ಹೊಟ್ಟೆಕಿಚ್ಚಿನ ಜನ." ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕುಂಟುವ ಮೇಜಿನ ಕಾಲಿಗೆ ಒತ್ತು ಕೊಟ್ಟ. "ನೀನು ಒಳಗೆ ಬಂದಾಗ ನನಗೆ ದೀಪ ಹಚ್ಚಿದ ಹಾಗಾಗುತ್ತೆ."

ಬಟ್ಲರನ ಬೂಟಿಗೆ ಪಾಲಿಶ್ ಹಾಕಿದೆ. ಅದಾಗಲೇ ಹೊಳೆಯುತ್ತಿತ್ತು.

ಆಗಸ್ಟ್ 4, ಭಾನುವಾರ

ಒಂದು ಉಪಾಯ ಹೂಡಿದ್ದೇನೆ. ದಿನಾ ಬೆಳಿಗ್ಗೆ ಲಯನೆಲ್ ಟ್ರೆಹರ್ನ್ ಹತ್ತಿರ ಹೋಗಿ ಹಲ್ಲು ಗಿಂಜುತ್ತೇನೆ. "ಸಾಹೇಬ್ರೇ, ನಾನು ನಿಮ್ಮ ಬದಲಿ ನಟ, ನನಗೆ ನಿಮ್ಮ ಪಾತ್ರ ತಲೆಗೇ ಹೋಗ್ತಿಲ್ಲ. ಸ್ವಲ್ಪ ಹೇಳಿಕೊಡಿ." ಆತ ನಿಟ್ಟುಸಿರು ಬಿಟ್ಟು, "ನಿನ್ನ ಊರ ಮೇಷ್ಟ್ರ ತಪ್ಪಿದು," ಅಂದು, ಮೊದಲಿಂದ ಕೊನೆವರೆಗೆ ಪಾತ್ರವನ್ನು ಒಪ್ಪಿಸುತ್ತಾರೆ. ನಾನು ಬೇಕೆಂದೇ ತಪ್ಪು ಹೇಳುತ್ತೇನೆ. ಆತ ತಿದ್ದುತ್ತಾರೆ. ಬೆಳಿಗ್ಗೆ ತಿದ್ದಿದ್ದು ಸಂಜೆಯವರೆಗೆ ಚೆನ್ನಾಗಿ ನಿಲ್ಲುತ್ತದೆ. ದೊಡ್ಡ ನಟನ ಕೈಯಲ್ಲಿ ಬಿಟ್ಟಿ ಪಾಠ ಹೊಡೆದುಕೊಳ್ಳುತ್ತಿದ್ದೇನೆ, ಅಷ್ಟು ಚಾಲಾಕಿ ನಾನು.

ಇವತ್ತು ಆಟವಿಲ್ಲ. ಸಮುದ್ರದಂಡೆಯ ರಸ್ತೆಯಲ್ಲಿ ಇಬ್ಬರೂ ನಡೆದೆವು. ಮರಳಿನ ಮೇಲೆ ಗಿರಣಿ ಊರುಗಳಿಂದ ರಜಕ್ಕೆ ಬಂದ ಜನ. ತಲೆಗೆ ಕರವಸ್ತ್ರ ಕಟ್ಟಿಕೊಂಡ ಹೆಂಗಸೊಬ್ಬಳು ನಮ್ಮನ್ನು ತಡೆದು ನಿಲ್ಲಿಸಿದಳು. ನಾನು ಎಂದಿನ "ಟ್ರೆಹರ್ನ್ ಅಲ್ವಾ?" ಎಂಬ ಉಗುಳಿಗೆ ಮುಖ ಸಿದ್ಧಮಾಡಿಕೊಂಡೆ. ಆದರೆ ಅವಳು ನೋಡಿದ್ದು ಲಯನೆಲ್ ಅವರನ್ನು.

"ನೀವು ಎನೋಕ್ ಬ್ರಿಗ್ ಅಲ್ವಾ? ನಮ್ಮವರು ನಿಮ್ಮ ಹೆಸ್ರು ಯಾವಾಗ್ಲೂ ಹೇಳ್ತಾರೆ. ನಮ್ ಕಡೆ ಗಿರಣಿ ಹುಡ್ಗ ಅಂತೆ ನೀವು."

ನನ್ನ ಹೆಸರು, ಪೂರ್ತಿ ಹೆಸರು, ಗುರುತಿಲ್ಲದ ಬಾಯಲ್ಲಿ ಮೊದಲ ಸಲ. ಅದೂ ತಪ್ಪು ಮನುಷ್ಯನಿಗೆ.

"ಹೌದಮ್ಮ," ಅಂದರು ಲಯನೆಲ್. ಹಸ್ತಾಕ್ಷರಕ್ಕೆಂದು ಅವಳು ಚಾಚಿದ ಚೀಟಿ ತೆಗೆದುಕೊಂಡು ದುಂಡಗೆ ಬರೆದರು. ಎನೋಕ್ ಬ್ರಿಗ್.

ಅವಳು ಹೋದ ಮೇಲೆ ನಾನು ಕೇಳಿದೆ. "ಸಾಹೇಬ್ರೇ, ಅದೇನು, ನನ್ನ ಹೆಸರು ಬರೆದ್ರಲ್ಲ?"

"ಅವಳು ಅವನಿಗೋಸ್ಕರ ಬಂದಿದ್ಲು. ಬರಿಗೈಲಿ ಕಳಿಸೋದಾ?" ಅಂದರು. ಸ್ವಲ್ಪ ದೂರ ನಡೆದ ಮೇಲೆ, "ಒಳ್ಳೇ ನಟ ಆ ಬ್ರಿಗ್. ನೀನು ಅವನ ಜೊತೆ ಕೆಲಸ ಮಾಡಿದ್ದೀಯಾ?" ಅಂದರು.

ಸಮುದ್ರದ ಕಡೆ ಮುಖ ಮಾಡಿ ನಿಂತೆ. ಗಾಳಿಗೆ ಕಣ್ಣಲ್ಲಿ ಮರಳು ಬಿತ್ತು.

"ಮಾಡಿದ್ದೀನಿ," ಅಂದೆ. "ಸ್ವಲ್ಪ ಜಂಬದವನು."

"ಇರಲಿ ಬಿಡು. ಹೊಟ್ಟೆ ತುಂಬದವರಿಗೆ ಅದೊಂದಾದ್ರೂ ಬೇಕು."

ಆಗಸ್ಟ್ 20, ಮಂಗಳವಾರ

ನಮ್ಮ ನಿರ್ದೇಶಕ ಕ್ಲೈವ್ ಡೆನ್‌ಷಮ್‌ಗೆ ಮೂವತ್ತು ತುಂಬಿರಬಹುದು. ಗಡ್ಡ ಬಿಟ್ಟಿರುವುದರಿಂದ ನಲವತ್ತು ಅಂದುಕೊಂಡಿದ್ದಾನೆ. ಇವತ್ತು ಖಾಲಿ ಸಭಾಂಗಣದ ಹಿಂದಿನ ಸಾಲಿಗೆ ನನ್ನನ್ನು ಕರೆದು ಕೂರಿಸಿದ. ಬೈಗುಳಕ್ಕೆ ಬೆನ್ನು ಒಡ್ಡಿ ಕೂತಿದ್ದೆ.

"ಬ್ರಿಗ್ ಅವರೇ, ನೇರ ಕೇಳ್ತೀನಿ. ಟ್ರೆಹರ್ನ್ ಮಾತು ಮರೀತಿದ್ದಾರಾ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನೀವು ನುಗ್ಗೋದು ಯಾವಾಗ್ಲೂ ಅವರು ನಿಂತಾಗಲೇ. ಮೂರು ದಿನದಿಂದ ಲೆಕ್ಕ ಇಟ್ಟಿದ್ದೀನಿ. ಹೌದು ಅನ್ನಿ ಸಾಕು. ಅವರನ್ನ ಗೌರವವಾಗಿ ಮನೆಗೆ ಕಳಿಸ್ತೀನಿ. ನಾಳೆಯಿಂದ ಸರ್ ಜಾಸ್ಪರ್ ನೀವೇ. ಪೋಸ್ಟರ್ ಮೇಲೆ ನಿಮ್ಮ ಹೆಸರು ಮೊದಲು."

ಪೋಸ್ಟರ್ ಕಣ್ಣಿಗೆ ಕಟ್ಟಿತು. ಎನೋಕ್ ಬ್ರಿಗ್, ಕೆಂಪು ಅಕ್ಷರದಲ್ಲಿ, ಮೇಲೆ. ಹತ್ತಿ ಗಿರಣಿಯಿಂದ ಓಡಿದ ದಿನದಿಂದ ನಾನು ಅದನ್ನು ನೋಡುತ್ತಲೇ ಇದ್ದೇನೆ. ಬಾಯಿ ತೆರೆದೆ. ಬಾಯಿಂದ ಬಂದ ಮಾತು ಕೇಳಿ ಕ್ಲೈವ್‌ಗಿಂತ ಹೆಚ್ಚು ದಂಗಾದವನು ನಾನು.

"ಅವ್ರು ಮರೀತಾ ಇಲ್ಲ ಸ್ವಾಮಿ. ಅವ್ರು ನಿಲ್ಲೋದು ಅಭಿನಯ. ಪೇಪರಿನವರೂ ಬರೆದಿದ್ದಾರಲ್ಲ. ಅದು ನೋಡಿ ನನಗೆ ಹೊಟ್ಟೆ ಉರಿಯುತ್ತೆ. ಚಪ್ಪಾಳೆ ಅವರಿಗೆ ಹೋಗ್ಬಾರ್ದು ಅಂತ ನುಗ್ತೀನಿ. ಮೊದಲಿಂದ ನನ್ನ ಬುದ್ಧಿ ಹಾಗೇ. ಯಾರನ್ನ ಬೇಕಾದ್ರೂ ಕೇಳಿ."

ಕ್ಲೈವ್‌ನ ಮುಖ ಗಡ್ಡದ ಮೇಲೆಲ್ಲ ಕೆಂಪಾಯಿತು. "ನಾಚಿಕೆ ಆಗಲ್ವಾ ನಿಮಗೆ? ಈ ವಯಸ್ಸಲ್ಲಿ?"

"ಅಭ್ಯಾಸ ಇಲ್ಲ."

"ಕೇಳಿ. ಇವತ್ತಿನಿಂದ ಪುಸ್ತಕದಲ್ಲಿ ಇಲ್ಲದ ಒಂದು ಪದ ನಿಮ್ಮ ಬಾಯಿಂದ ಬಂದ್ರೆ ಅವತ್ತೇ ಹೊರಗೆ. ಗೊತ್ತಿರೋ ಕಂಪನಿಗಳಿಗೆಲ್ಲ ತಿಳಿಸ್ತೀನಿ, ಬ್ರಿಗ್‌ನ ಜೊತೆ ರಂಗ ಹತ್ತೋದು ಕಷ್ಟ ಅಂತ."

ಏನು ಮಾಡಿದೆನೆಂದು ಕೋಣೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತೆ. ಆಮೇಲೆ ಕಾರಣ ಹೊಳೆಯಿತು. ಸರ್ ಜಾಸ್ಪರನ ಕೋಟು ನನಗೆ ಭುಜದಲ್ಲಿ ಸಡಿಲ. ಸಡಿಲ ಕೋಟು ಹಾಕಿಕೊಂಡು ಮುಖ್ಯ ಪಾತ್ರ ಮಾಡುವುದು ನನ್ನ ಘನತೆಗೆ ಸರಿಯಲ್ಲ.

ಆಗಸ್ಟ್ 21, ಬುಧವಾರ

ಬರೆಯಲು ಮನಸ್ಸಿಲ್ಲ. ಪದ ಬಾಯಿಂದ ಬರಬಾರದಂತೆ. ಹಾಗಾದರೆ ಎಲ್ಲಿಂದ ಬರಬೇಕು?

ಆಗಸ್ಟ್ 30, ಶುಕ್ರವಾರ

ತಟ್ಟೆಯಿಂದ ಬರುತ್ತದೆ.

ಚಹಾದ ಬೆಳ್ಳಿ ತಟ್ಟೆಗೆ ಹಾಸುವ ಬಿಳಿ ಬಟ್ಟೆಯ ಮೇಲೆ, ಮೂರನೆಯ ಅಂಕದ ಕಷ್ಟದ ಮಾತುಗಳನ್ನೆಲ್ಲ ಇದ್ದಿಲ ಕಡ್ಡಿಯಲ್ಲಿ ದಪ್ಪಗೆ ಬರೆಯುತ್ತೇನೆ. ಪುಸ್ತಕದ ಪ್ರಕಾರ ಹಾಬ್ಸ್ ಆ ಅಂಕದುದ್ದಕ್ಕೂ ಬಾಗಿಲ ಬಳಿ ತಟ್ಟೆ ಹಿಡಿದು ನಿಂತಿರಬೇಕು. ಎಷ್ಟು ದೂರದಲ್ಲಿ ಎಂದು ಬರೆದಿಲ್ಲ. ದಿನಕ್ಕೊಂದು ಅಡಿ ಮುಂದೆ ಸರಿದು, ಈಗ ಬೆಂಕಿಗೂಡಿನ ಪಕ್ಕದಲ್ಲೇ ನಿಂತಿದ್ದೇನೆ. ಅವರು ನಿಂತರೆ ತಟ್ಟೆ ಒಂದಿಷ್ಟು ಓರೆಮಾಡುತ್ತೇನೆ. ಕಣ್ಣು ಬಟ್ಟೆಗೆ ಬೀಳುತ್ತದೆ, ಮಾತು ಹೊರಡುತ್ತದೆ. ಕೈ ನಡುಗಬಾರದು, ನಡುಗಿದರೆ ಬಟ್ಟಲು ಸದ್ದು ಮಾಡುತ್ತದೆ. ರಾತ್ರಿ ಭುಜ ಕಿತ್ತುಬರುತ್ತದೆ.

ಕಂಪನಿಯವರು ಯಾರೂ ನನ್ನ ಜೊತೆ ಮಾತಾಡುತ್ತಿಲ್ಲ. ಕ್ಲೈವ್ ಹೇಳಿರಬೇಕು. ವಿನಿ ಮಾತ್ರ ಸಂಜೆ ಬಂದು, ಏನೂ ಕೇಳದೆ, ತೊಳೆದು ಇಸ್ತ್ರಿ ಮಾಡಿದ ಹೊಸ ಬಿಳಿ ಬಟ್ಟೆ ನನ್ನ ಮಡಿಲಿಗೆ ಹಾಕಿದಳು.

"ಇದ್ದಿಲು ಹೋಗೋದೇ ಇಲ್ಲ ಮಾವ. ಸಾಬೂನು ತೀರಿಹೋಯ್ತು."

ಸೆಪ್ಟೆಂಬರ್ 15, ಭಾನುವಾರ ಬೆಳಿಗ್ಗೆ

ನಿನ್ನೆ ಕೊನೆಯ ಪ್ರಯೋಗ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಸಭಾಂಗಣ ತುಂಬಿತ್ತು. ಮೂರನೆಯ ಅಂಕ ಬಂತು. ಬಟ್ಟೆಯ ಮೇಲೆ ಒತ್ತೊತ್ತಾಗಿ ಬರೆದುಕೊಂಡು ತಟ್ಟೆ ಹಿಡಿದು ಬೆಂಕಿಗೂಡಿನ ಪಕ್ಕ ನಿಂತೆ. ಲಯನೆಲ್ ಶುರುಮಾಡಿದರು. ಹಿಮ ಅಂದರು. ಹೊಸಿಲು ಅಂದರು. ನಾನು ತಟ್ಟೆ ಓರೆಮಾಡಲು ಸಿದ್ಧನಾದೆ. ಅವರು ನೋಡಲೇ ಇಲ್ಲ. ಗವಸು ಅಂದರು, ಮಗನ ಹೆಸರು ಅಂದರು, ಒಂದು ಪದ ತಪ್ಪದೆ, ಒಂದು ಉಸಿರು ಹೆಚ್ಚಾಗದೆ. ಅದು ಬಾಯಿಪಾಠವಾಗಿರಲಿಲ್ಲ. ಮಗನನ್ನು ಕಳೆದುಕೊಂಡವನೊಬ್ಬ ನನ್ನಿಂದ ಒಂದು ಮಾರು ದೂರದಲ್ಲಿ ನಿಂತು ಮಾತಾಡುತ್ತಿದ್ದ. ಇಡೀ ಬೇಸಿಗೆ ಆ ಮಾತುಗಳನ್ನು ಕಾವಲು ಕಾದಿದ್ದೇನೆ, ಎಲ್ಲಿ ಕಡಿಯುತ್ತದೋ ಎಂದು ಹಗ್ಗ ನೋಡುವವನ ಹಾಗೆ. ಕಿವಿಗೊಟ್ಟು ಕೇಳಿದ್ದು ನಿನ್ನೆಯೇ.

ಅವರು ಮುಗಿಸಿದರು. ಈಗ ಹಾಬ್ಸ್ ಹೇಳಬೇಕು, "ಬಾಗಿಲಲ್ಲಿ ಯಾರೋ ಇದ್ದಾರೆ, ಸರ್." ಮಗ ಹಿಂದಿರುಗಿದ್ದಾನೆ, ಅದರ ಮೇಲೆಯೇ ನಾಟಕ ನಿಂತಿದೆ.

ನನ್ನ ತಲೆಯಲ್ಲಿ ಏನೂ ಇರಲಿಲ್ಲ.

ಸುಣ್ಣ ಬಳಿದ ಗೋಡೆ. ವಿನಿಯ ತುಟಿ ಆಡುವುದು ಕಂಡಿತು, ಸದ್ದು ಕೇಳಲಿಲ್ಲ. ತಟ್ಟೆಯ ಮೇಲೆ ಲಯನೆಲ್ ಅವರ ಮಾತೆಲ್ಲ ಬರೆದಿತ್ತು, ನನ್ನ ಮಾತು ಬರೆದುಕೊಂಡಿರಲಿಲ್ಲ. ಅದನ್ನು ಯಾರು ಬರೆದುಕೊಳ್ಳುತ್ತಾರೆ? ನಲವತ್ತೇಳು ವರ್ಷದಲ್ಲಿ ಒಂದು ಮಾತು ಮರೆತವನಲ್ಲ ನಾನು. ಬಟ್ಟಲು ತಟ್ಟೆಯ ಮೇಲೆ ಗಡಗಡ ಅನ್ನತೊಡಗಿತು. ಸಾವಿರ ಜನ ನನ್ನನ್ನು ನೋಡುತ್ತಿದ್ದರು.

ಸರ್ ಜಾಸ್ಪರ್ ಬೆಂಕಿಯಿಂದ ತಿರುಗಿದರು. ಹತ್ತಿರ ಬಂದು, ನನ್ನ ಕೈಯಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟರು.

"ಹಾಬ್ಸ್," ಅಂದರು, "ಈ ಮನೆಯಲ್ಲಿ ನೀನು ಕರೆಯದೆ ಬಂದವನು. ಪ್ರತಿ ಸಲವೂ ಸರಿಯಾದ ಹೊತ್ತಿಗೆ ಬಂದೆ. ನಾನು ಕಂಡಿಲ್ಲ ಅಂದುಕೊಂಡೆಯಾ? ಈಗ ಬಾಗಿಲಲ್ಲಿ ಯಾರೋ ಇದ್ದಾರೆಂದು ನಿನ್ನ ಮುಖವೇ ಹೇಳುತ್ತಿದೆ."

ಪುಸ್ತಕದಲ್ಲಿ ಇಂಥ ಮಾತು ಎಲ್ಲೂ ಇಲ್ಲ.

"ಇದ್ದಾರೆ, ಸರ್," ಅಂದೆ. ಅಷ್ಟೇ ಆದದ್ದು. ಪರದೆ ಬಿದ್ದ ಮೇಲೆ ಕ್ಲೈವ್ ನನ್ನ ಮುಂದೆ ಬಂದು ನಿಂತ, ನನ್ನ ಭುಜ ಮುಟ್ಟಿ ಹೋದ. ವಿನಿ ಪುಸ್ತಕದಿಂದ ಮುಖ ಮುಚ್ಚಿಕೊಂಡು ಕೂತಿದ್ದಳು.

ಕೋಣೆಗೆ ಬಂದೆವು. ಲಯನೆಲ್ ಕನ್ನಡಿಯ ಮುಂದೆ ಕೂತು ಬಣ್ಣ ಒರೆಸಿಕೊಳ್ಳುತ್ತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ಮೊದಲಿಂದ ಗೊತ್ತಿತ್ತು. ನನಗೆ ನಗು ಬಂತು, ಬೂಟಿನ ಲಾಡಿ ಬಿಚ್ಚುತ್ತ ನನಗೇ ತಿಳಿಯದೆ ಸಿಳ್ಳೆ ಹಾಕಿಬಿಟ್ಟೆ.

"ಬ್ರಿಗ್," ಅಂದರು ಕನ್ನಡಿಯೊಳಗಿನಿಂದ, ಬ್ರಾಡ್‌ಫರ್ಡ್‌ನ ಅದೇ ಗಂಟಲಲ್ಲಿ. "ಆಚೆ ನಡಿ."

ಇಷ್ಟು ಸಂತೋಷದಿಂದ ನಾನು ಯಾವ ಕೋಣೆಯಿಂದಲೂ ಹೊರಬಿದ್ದಿಲ್ಲ. ಓಣಿಯಲ್ಲಿ ಮೂರು ಸುತ್ತು ತಿರುಗಿದೆ. ನಮ್ಮೂರ ಗಿರಣಿಯ ಒಂದು ಒಳ್ಳೆ ಬೈಗುಳ ಬೈದೆ. ಬಾಗಿಲು ತಟ್ಟಿದೆ.

ಒಳಗೆ ಸದ್ದಿಲ್ಲ. ಮತ್ತೆ ತಟ್ಟಿದೆ.

"ಯಾರು?"

"ನಾನು, ಬ್ರಿಗ್. ಒಳಗೆ ಬರ್ಲಾ ಸಾಹೇಬ್ರೇ?"

ಕುರ್ಚಿ ಸರಿದ ಸದ್ದಾಯಿತು.

"ಯಾವ ಬ್ರಿಗ್?" ಧ್ವನಿಯಲ್ಲಿ ಸಿಟ್ಟಿರಲಿಲ್ಲ, ತಮಾಷೆಯೂ ಇರಲಿಲ್ಲ. ಹೆದರಿಕೆ ಇತ್ತು. "ಯಾರಪ್ಪ ನೀವು? ಏನು ಬೇಕು?"

ಹಿಡಿಕೆಯ ಮೇಲಿದ್ದ ನನ್ನ ಕೈ ಅಲ್ಲೇ ನಿಂತಿತು. ಓಣಿಯ ತುದಿಯಲ್ಲಿ ಆಳುಗಳು ಸೀನುಗಳನ್ನು ಕಳಚಿ ಹೊರುತ್ತಿದ್ದರು. ಬೆಂಕಿಗೂಡು ಮಗುಚಿ ಬಿದ್ದಿತ್ತು. ಅಂಗಿಯ ಗುಂಡಿ ಹಾಕಿಕೊಂಡೆ. ಬೆನ್ನು ನೆಟ್ಟಗೆ ಮಾಡಿದೆ.

"ಚಹಾ ತಂದಿದ್ದೇನೆ, ಸರ್," ಅಂದೆ.

"ಓ, ಹಾಬ್ಸ್." ಉಸಿರು ಇಳಿದದ್ದು ಬಾಗಿಲಾಚೆಗೂ ಕೇಳಿಸಿತು. "ಬಾ, ಬಾ. ನಿನಗೇಕೆ ಅಪ್ಪಣೆ?"

ಕೈಯಲ್ಲಿ ಚಹಾ ಇರಲಿಲ್ಲ. ಓಡಿಹೋಗಿ ಮಾಡಿಸಿಕೊಂಡು ಬಂದೆ.